ಗಾರ್ಮೆಂಟ್ಸ್ ಗೇಟಿನಿಂದ ಕೋರ್ಟಿನವರೆಗೆ: ನವ ಉದಾರವಾದ, ಕಾನೂನು, ಹೆಣ್ಣುಮಕ್ಕಳ ಹೋರಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ದಿನಗಳಲ್ಲಿ ಕಾನೂನು ಓದುವ ಹುಡುಗ ಹುಡುಗಿಯರಿಗೆ ಪಾಠ ಮಾಡುತ್ತೇನೆ. ಭಾನುವಾರ ಬಿಡುವಾದರೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಸಭೆಗಳಿಗೆ ಹೋಗುತ್ತೇನೆ. ಒಂದು ಕಡೆ 'ನವ ಉದಾರವಾದಕ್ಕೆ ವ್ಯಾಖ್ಯೆ ಕೊಡಿ ಮೇಡಂ' ಅಂತಾರೆ. ಇನ್ನೊಂದು ಕಡೆ 'ಮೇಡಂ, ಪಿಎಫ್ ಯಾಕೆ ಕೊಡ್ತಿಲ್ಲ?' ಅಂತಾರೆ. ಎರಡೂ ಒಂದೇ ಪ್ರಶ್ನೆ ಅಂತ ನನಗೆ ಅರ್ಥ ಆಗಲು ವರ್ಷಗಳೇ ಹಿಡಿದವು. ಎರಡೂ ಕಡೆಯ ಪ್ರಶ್ನೆಗಳನ್ನು ಕಲೆಸಿ ಇಲ್ಲಿ ಇಟ್ಟಿದ್ದೇನೆ.

ನವ ಉದಾರವಾದ ಅಂದ್ರೆ ಏನು? ಜಾಗತೀಕರಣಕ್ಕೆ ಇನ್ನೊಂದು ಹೆಸರಾ?

ಅಷ್ಟೇ ಅಲ್ಲ. ಸರಕು, ದುಡ್ಡು ಗಡಿ ದಾಟಿ ಓಡಾಡುವುದು ಜಾಗತೀಕರಣ. ನವ ಉದಾರವಾದ ಅದರ ಬೆನ್ನಿಗಿರುವ ನಂಬಿಕೆ. ಮಾರುಕಟ್ಟೆಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಆಸ್ಪತ್ರೆ, ಸ್ಕೂಲು, ನೀರು, ಪಿಂಚಣಿ ಎಲ್ಲವನ್ನೂ ಲಾಭ ನಷ್ಟದ ತಕ್ಕಡಿಯಲ್ಲೇ ತೂಗಬೇಕು. ಬಡವರು ಬಡವರಾಗಿ ಉಳಿದರೆ ಅದು ಅವರದೇ ತಪ್ಪು. ಇಷ್ಟು ಅದರ ಸಾರ. ಚಿಲಿಯಲ್ಲಿ 1973ರ ಸೇನಾ ದಂಗೆಯ ನಂತರ, ಬ್ರಿಟನ್ನಿನಲ್ಲಿ 1979ರಲ್ಲಿ ಥ್ಯಾಚರ್ ಬಂದ ಮೇಲೆ, ಅಮೆರಿಕದಲ್ಲಿ ರೇಗನ್ ಕಾಲದಲ್ಲಿ ಇದು ಸರ್ಕಾರದ ನೀತಿಯಾಯಿತು. ನಮ್ಮಲ್ಲಿ 1991ರ ಜುಲೈ. ವಿದೇಶಿ ವಿನಿಮಯ ಖಾಲಿಯಾಗಿ, ಚಿನ್ನ ಅಡ ಇಟ್ಟು, ನರಸಿಂಹ ರಾವ್ ಮತ್ತು ಮನಮೋಹನ್ ಸಿಂಗ್ ಬಾಗಿಲು ತೆಗೆದ ತಿಂಗಳು.

ಅಂದ್ರೆ ಸರ್ಕಾರ, ಕಾನೂನು ಹಿಂದೆ ಸರಿದು ಮಾರುಕಟ್ಟೆ ಮುಂದೆ ಬರೋದು. ಅಲ್ವಾ?

ಜಾಸ್ತಿ ಜನ ಎಡವುವುದೇ ಇಲ್ಲಿ. ಕಾನೂನು ಎಲ್ಲೂ ಹಿಂದೆ ಸರಿದಿಲ್ಲ. ಅದು ಯಾರ ಕಡೆ ವಾಲುತ್ತದೆ ಅನ್ನುವುದು ಬದಲಾಗಿದೆ, ಅಷ್ಟೇ.

ನಮ್ಮ ರಾಜ್ಯದ್ದೇ ಒಂದು ಕೇಸು ನೋಡಿ, ಉಮಾದೇವಿ ಕೇಸು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ವರ್ಷಗಟ್ಟಲೆ ದಿನಗೂಲಿ ಮೇಲೆ ದುಡಿದವರು 'ನಮ್ಮನ್ನು ಕಾಯಂ ಮಾಡಿ' ಅಂದರು. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ 5 ನ್ಯಾಯಮೂರ್ತಿಗಳ ಪೀಠ, ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂತ ಹೇಳಿತು. ಹುದ್ದೆಗೆ ಅರ್ಜಿ ಕರೆದು ಎಲ್ಲರಿಗೂ ಅವಕಾಶ ಕೊಡಬೇಕು ಅನ್ನುವ ತತ್ವ ಸರಿಯೇ. ಆದರೆ ಹಿಂಬಾಗಿಲು ತೆಗೆದವರು ಯಾರು? ಸರ್ಕಾರವೇ. 10, 15 ವರ್ಷ ದುಡಿಸಿಕೊಂಡದ್ದೂ ಸರ್ಕಾರವೇ. ಅದಕ್ಕೂ ಮೊದಲು, 2001ರಲ್ಲಿ, ಉಕ್ಕು ಪ್ರಾಧಿಕಾರದ ಕೇಸಿನಲ್ಲಿ ಇದೇ ದಾರಿ ಹಾಕಿಯಾಗಿತ್ತು. ಗುತ್ತಿಗೆ ಪದ್ಧತಿ ನಿಷೇಧವಾದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ತಾನಾಗಿ ಕಂಪನಿಯ ನೌಕರರಾಗುವುದಿಲ್ಲ ಅಂತ ಆಯಿತು.

ಈ ಮಾತು ಪುಸ್ತಕದಿಂದ ಬಂದದ್ದಲ್ಲ. ನಾನೂ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ವರ್ಷಕ್ಕೆ ಹತ್ತು ತಿಂಗಳು ಸಂಬಳ. ಬೇಸಿಗೆ ರಜೆ ಬಂದರೆ 'ಅತಿಥಿ' ಮನೆಗೆ. ಹೆರಿಗೆ ರಜೆ ಕೇಳಿದ ಗೆಳತಿಗೆ ಆಫೀಸಿನಲ್ಲಿ ಸಿಕ್ಕ ಉತ್ತರ: 'ಅತಿಥಿಗಳಿಗೆ ಎಲ್ಲಿಯ ರಜೆ ಮೇಡಂ?' ನಗುನಗುತ್ತಲೇ ಅಂದರು. ಅವಳೂ ನಕ್ಕಳು, ಏನು ಮಾಡ್ತಾಳೆ.

2024ರ ಡಿಸೆಂಬರ್‌ನಲ್ಲಿ, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಹೆಣ್ಣುಮಕ್ಕಳ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟು ಉಮಾದೇವಿ ತೀರ್ಪನ್ನು ಹೀಗೆ ದುಡಿಯುವವರ ಮೇಲೆ ಆಯುಧದಂತೆ ಬಳಸಬಾರದು ಅಂತ ಎಚ್ಚರಿಸಿತು. ಅಷ್ಟು ಹೇಳಲು 18 ವರ್ಷ ಬೇಕಾಯಿತು.

ಇದರಲ್ಲಿ ಸ್ತ್ರೀವಾದ ಎಲ್ಲಿ ಬಂತು?

ಗಾರ್ಮೆಂಟ್ಸ್ ಗೇಟಿನಲ್ಲಿ ಬಂತು. ಜವಳಿ ವ್ಯಾಪಾರಕ್ಕೆ 1974ರಿಂದ ಕೋಟಾ ಇತ್ತು. ಬಡ ದೇಶಗಳು ಶ್ರೀಮಂತ ದೇಶಗಳಿಗೆ ಇಷ್ಟೇ ಬಟ್ಟೆ ಕಳಿಸಬಹುದು ಅನ್ನುವ ಮಿತಿ. 2005ರ ಜನವರಿ 1ಕ್ಕೆ ಅದು ಪೂರ್ತಿ ಹೋಯಿತು. ಯಾರು ಅಗ್ಗವಾಗಿ ಹೊಲಿದು ಕೊಡುತ್ತಾರೋ ಅವರಿಗೆ ಆರ್ಡರ್. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆ, ಆಮೇಲೆ ರಾಮನಗರ, ಮದ್ದೂರು, ಹಾಸನದ ಕಡೆಗೆಲ್ಲ ಫ್ಯಾಕ್ಟರಿಗಳು ಎದ್ದವು. ಲಕ್ಷಾಂತರ ಜನ, ಬಹುಪಾಲು ಹೆಣ್ಣುಮಕ್ಕಳು.

ಯಾಕೆ ಹೆಣ್ಣುಮಕ್ಕಳೇ? 'ಬೆರಳು ಸೂಕ್ಷ್ಮ, ತಾಳ್ಮೆ ಜಾಸ್ತಿ' ಅಂತ ಮ್ಯಾನೇಜ್‌ಮೆಂಟಿನವರು ಹೇಳುತ್ತಾರೆ. ಅಸಲಿ ಕಾರಣ ಬೇರೆ. ಹೆಣ್ಣಿನ ಸಂಬಳವನ್ನು ನಮ್ಮ ಮನೆಗಳಲ್ಲೇ 'ಮೇಲ್ಖರ್ಚಿಗೆ ಆಗುತ್ತೆ' ಅಂತ ಲೆಕ್ಕ ಹಾಕುತ್ತಾರೆ. ಮನೆಯಲ್ಲಿ ಇದ್ದ ಅಸಮಾನತೆಯನ್ನೇ ಫ್ಯಾಕ್ಟರಿ ಸಲೀಸಾಗಿ ಬಳಸಿಕೊಂಡಿತು.

ಆದ್ರೂ ಕೈಯಲ್ಲಿ ನಾಲ್ಕು ಕಾಸು ಓಡಾಡ್ತಲ್ಲ? ಒಳ್ಳೇದೇ ಆಯ್ತಲ್ವಾ?

ಆಯಿತು. ಇದನ್ನು ಒಪ್ಪದ ವಿಮರ್ಶೆ ಸುಮ್ನೆ ಗೊಣಗಾಟ. ಗಂಡನ ಹೊಡೆತ ತಿಂದು ಊರು ಬಿಟ್ಟು ಬಂದು, ಹೆಲ್ಪರ್ ಆಗಿ ಸೇರಿ, ಟೈಲರ್ ಆಗಿ, ಮಗಳನ್ನು ಡಿಗ್ರಿ ಓದಿಸಿದ ಹೆಂಗಸರನ್ನು ಕಂಡಿದ್ದೇನೆ. 'ನನ್ನ ದುಡ್ಡು ಮೇಡಂ' ಅನ್ನುವಾಗ ಅವರ ಮುಖ ನೋಡಬೇಕು. ಆದರೆ ಅದೇ ಹೆಂಗಸು, ಗಂಟೆಗೆ ಇಷ್ಟು ಪೀಸು ಅನ್ನುವ ಟಾರ್ಗೆಟ್ ತಪ್ಪೀತು ಅಂತ ನೀರು ಕಡಿಮೆ ಕುಡಿಯುತ್ತಾಳೆ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಲ್ಲ.

2016ರಲ್ಲಿ ಬೆಂಗಳೂರು ಬಂದ್ ಆದಂಗೆ ಆಗಿತ್ತಲ್ಲ, ಅದೇನು?

ನನ್ನ ಪ್ರಕಾರ ಈ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಿಎಫ್‌ಗೆ ಕೆಲಸಗಾರರ ಸಂಬಳದಿಂದ 12% ಹೋಗುತ್ತದೆ. ಮಾಲೀಕರೂ 12% ಕಟ್ಟುತ್ತಾರೆ. ಮಾಲೀಕರ ಪಾಲಿನಲ್ಲಿ 8.33% ಪಿಂಚಣಿಗೆ ಹೋಗಿ, 3.67% ಪಿಎಫ್‌ಗೆ ಬೀಳುತ್ತದೆ. ಕೆಲಸ ಬಿಟ್ಟರೆ ಎಲ್ಲ ತೆಗೆದುಕೊಳ್ಳಬಹುದಿತ್ತು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು: ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ಮುಟ್ಟುವಂತಿಲ್ಲ.

ಮೇಲ್ನೋಟಕ್ಕೆ ಒಳ್ಳೆಯ ನಿಯಮ. ವಯಸ್ಸಾದ ಮೇಲೆ ಕೈಗೆ ದುಡ್ಡಿರಲಿ ಅಂತ. ನಿಯಮ ಬರೆದವರ ಕಣ್ಣಲ್ಲಿದ್ದದ್ದು 58ರವರೆಗೆ ಒಂದೇ ಕಡೆ ದುಡಿಯುವ ಆಫೀಸಿನ ನೌಕರ. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಯಾರು ಉಳಿಯುತ್ತಾರೆ? ನಲವತ್ತಕ್ಕೆ ಬೆನ್ನು, ಕಣ್ಣು ಎರಡೂ ಹೋಗಿರುತ್ತವೆ. ಐದು ವರ್ಷ ದುಡಿದು, ಬಿಟ್ಟು, ಪಿಎಫ್ ತೆಗೆದು, ಮಗಳ ಮದುವೆಗೋ ಸಾಲಕ್ಕೋ ಹಾಕಿ, ಮತ್ತೆ ಇನ್ನೊಂದು ಫ್ಯಾಕ್ಟರಿ ಸೇರುವುದು ಇಲ್ಲಿನ ಕ್ರಮ. ಮೂಲ ವೇತನ 7,000 ಅಂದುಕೊಳ್ಳಿ. 3.67% ಅಂದರೆ ತಿಂಗಳಿಗೆ 257 ರೂಪಾಯಿ. ಐದು ವರ್ಷಕ್ಕೆ ಬಡ್ಡಿ ಬಿಟ್ಟು 15,420. ದೆಹಲಿಯಲ್ಲಿ ಕೂತವರಿಗೆ ಚಿಲ್ಲರೆ. ಇವರಿಗೆ ಅದು ಮನೆ ಭೋಗ್ಯದ ದುಡ್ಡಿನಲ್ಲಿ ಒಂದು ಪಾಲು.

ಏಪ್ರಿಲ್ 18, ಸೋಮವಾರ. ಬೊಮ್ಮನಹಳ್ಳಿ ಕಡೆಯ ಹೆಣ್ಣುಮಕ್ಕಳು ಮಷೀನ್ ಬಿಟ್ಟು ಹೊರಗೆ ಬಂದು ಹೊಸೂರು ರಸ್ತೆಯಲ್ಲಿ ಕೂತರು. ಮಾರನೇ ದಿನ ಜಾಲಹಳ್ಳಿ, ಪೀಣ್ಯ, ತುಮಕೂರು ರಸ್ತೆ. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಹಾರಿಸಿದರು. ಬಸ್ಸುಗಳು ಸುಟ್ಟವು. 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ನಿಯಮ ವಾಪಸು ತೆಗೆದುಕೊಂಡಿತು. ಮುಂದೆ ನಿಂತು ನಡೆಸಿದ ಯೂನಿಯನ್ ಇರಲಿಲ್ಲ, ವೇದಿಕೆ ಇರಲಿಲ್ಲ, ಭಾಷಣ ಇರಲಿಲ್ಲ. ದೇಶದ ದೊಡ್ಡ ದೊಡ್ಡ ಯೂನಿಯನ್‌ಗಳು ಮನವಿ ಕೊಟ್ಟು ಆಗದ ಕೆಲಸ ಎರಡು ದಿನದಲ್ಲಿ ಆಯಿತು.

ಇದು ಸ್ತ್ರೀವಾದಿ ಹೋರಾಟವಾ? ಅಲ್ಲಿದ್ದ ಯಾರೂ ಆ ಪದ ಬಳಸಲಿಲ್ಲ. ಮರುದಿನದ ಚರ್ಚೆಯೆಲ್ಲ ಟ್ರಾಫಿಕ್ ಜಾಮ್ ಬಗ್ಗೆ, ಸುಟ್ಟ ಬಸ್ಸಿನ ಬಗ್ಗೆ. ಆದರೆ ಹೆಣ್ಣಿನ ದುಡಿಮೆಯ ಆಯಸ್ಸು ಗಂಡಿನ ದುಡಿಮೆಯ ಆಯಸ್ಸಿನಂತಲ್ಲ, ನಿಮ್ಮ ಕಾನೂನು ಒಬ್ಬ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಯಾವ ಸೆಮಿನಾರಿನಲ್ಲೂ ನಾನು ಕೇಳಿಲ್ಲ.

ಕನಿಷ್ಠ ವೇತನ ಕಾನೂನು 1948ರಿಂದಲೇ ಇದೆ. ಮತ್ತೇನು ತೊಂದರೆ?

ಕಾನೂನು ಇದೆ. ಕೈಗೆ ಬರುವುದೇ ಕಷ್ಟ. ಬೆಲೆ ಏರಿದಂತೆ ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ಸೇರುತ್ತಾ ಹೋಗಬೇಕು. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್‌ನವರಿಗೆ ತಿಂಗಳಿಗೆ ಸುಮಾರು 417 ರೂಪಾಯಿ ಜಾಸ್ತಿ ಆಗಬೇಕಿತ್ತು. ಕೋವಿಡ್ ನೆಪದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು. ಯೂನಿಯನ್ ಹೈಕೋರ್ಟಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಆದೇಶಕ್ಕೆ ತಡೆ ಸಿಕ್ಕಿತು. ಆದರೂ ಹಲವು ಫ್ಯಾಕ್ಟರಿಗಳು ಕೊಡಲಿಲ್ಲ. ಕೊನೆಗೆ ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿದ್ದ ಮೇಲೆ ಬಾಕಿ ಬಂತು.

ಇದನ್ನು ಒಂದು ಸಲ ಯೋಚಿಸಿ. ನಮ್ಮ ಹೈಕೋರ್ಟಿನ ಮಾತಿಗಿಂತ ಯುರೋಪ್, ಅಮೆರಿಕದ ಗಿರಾಕಿಯ ಮುಜುಗರಕ್ಕೆ ಬೆಲೆ ಜಾಸ್ತಿ. ಕಾರ್ಮಿಕ ಹಕ್ಕು ಅನ್ನುವುದು ಅಂಗಡಿಯ ಹೆಸರು ಕೆಡದಂತೆ ನೋಡಿಕೊಳ್ಳುವ ಸಂಗತಿಯಾಗಿ ಇಳಿದಿದೆ. ನನಗೆ ನವ ಉದಾರವಾದ ಅಂದರೆ ಇದು.

ರಾತ್ರಿ ಪಾಳಿ ವಿರೋಧಿಸೋರು ಹೆಣ್ಣುಮಕ್ಕಳನ್ನ ಮನೇಲಿ ಕೂರಿಸೋಕೆ ನೋಡ್ತಾರೆ. ಸಮಾನತೆ ಬೇಡ್ವಾ?

ಕಷ್ಟದ ಪ್ರಶ್ನೆ. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಂ ಪ್ರಕಾರ ಹೆಂಗಸರು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಕೆಲಸ ಮಾಡಬಹುದಿತ್ತು. 'ಪಾಪ, ಅಬಲೆ' ಅನ್ನುವ ಧಾಟಿ ಅದು. ಮದ್ರಾಸ್ ಹೈಕೋರ್ಟು 2000ದಲ್ಲೇ ಅದನ್ನು ತಾರತಮ್ಯ ಅಂತ ಹೊಡೆದುಹಾಕಿತು. ಸ್ತ್ರೀವಾದಿಗಳಲ್ಲಿ ಹಲವರು ಸಂತೋಷಪಟ್ಟರು. ನನಗೂ ಆ ತೀರ್ಪು ಸರಿ ಅನ್ನಿಸುತ್ತದೆ.

ಈಗ 2023ರ ಫೆಬ್ರುವರಿಗೆ ಬನ್ನಿ. ಕರ್ನಾಟಕ ವಿಧಾನಮಂಡಲ ಅದೇ ಕಾಯ್ದೆಗೆ ತಿದ್ದುಪಡಿ ತಂದಿತು. ಹೆಂಗಸರಿಗೆ ರಾತ್ರಿ ಪಾಳಿಗೆ ಅವಕಾಶ. ಅದೇ ಮಸೂದೆಯಲ್ಲಿ, ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ. ಮೂರು ತಿಂಗಳ ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಿತಿ 75 ಗಂಟೆಯಿಂದ 144ಕ್ಕೆ. ಪತ್ರಿಕೆಗಳಲ್ಲಿ 'ಮಹಿಳೆಯರಿಗೆ ರಾತ್ರಿ ಪಾಳಿ' ಅನ್ನುವುದೂ ದೊಡ್ಡದಾಗಿ ಬಂತು. ಗಂಡು ಹೆಣ್ಣು ಇಬ್ಬರಿಗೂ 12 ಗಂಟೆ ಬಂದದ್ದಕ್ಕೆ ಅದು ಒಳ್ಳೆಯ ಹೊದಿಕೆ ಆಯಿತು.

'ಒಪ್ಪಿಗೆ ಇದ್ದರೆ ಮಾತ್ರ' ಅಂತ ಬರೆದಿದ್ದಾರೆ. ಸರಿ. ನೂರು ಜನರ ಲೈನಿನಲ್ಲಿ ಸೂಪರ್‌ವೈಸರ್ ಒಂದು ಹಾಳೆ, ಒಂದು ಪೆನ್ನು ಕೊಟ್ಟು 'ಸೈನ್ ಮಾಡಿ ಮುಂದೆ ಕೊಡಿ' ಅಂದಾಗ ಯಾರು 'ಇಲ್ಲ' ಅಂತಾರೆ? ರಾತ್ರಿ ದುಡಿಯುವ ಹಕ್ಕು ನಿಜವಾದ ಹಕ್ಕಾಗಲು, ರಾತ್ರಿ ದುಡಿಯಲ್ಲ ಅನ್ನುವ ಹಕ್ಕೂ ಇರಬೇಕಲ್ಲ.

2020ರಲ್ಲೂ ಒಂದು ಪ್ರಯತ್ನ ನಡೆದಿತ್ತು. ಮೇ ತಿಂಗಳಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆ ಅಂತ ಅಧಿಸೂಚನೆ ಹೊರಟಿತು. ಹೈಕೋರ್ಟು ಪ್ರಶ್ನಿಸಿದ ಮೇಲೆ ಜೂನ್‌ನಲ್ಲಿ ವಾಪಸು. ಗುಜರಾತಿನ ಅಂಥದ್ದೇ ಅಧಿಸೂಚನೆಯನ್ನು ಸುಪ್ರೀಂ ಕೋರ್ಟು ಅಕ್ಟೋಬರ್ 1ರಂದು ರದ್ದು ಮಾಡಿತು. ತುರ್ತು ಹೊತ್ತಿನಲ್ಲಿ ಅಧಿಸೂಚನೆಯಿಂದ ಆಗದ್ದು, ಮೂರು ವರ್ಷದ ನಂತರ ಶಾಂತವಾಗಿ ಶಾಸನವಾಗಿ ಬಂತು.

ಲೈಂಗಿಕ ಕಿರುಕುಳ ತಡೆ ಕಾಯ್ದೆ ಸ್ತ್ರೀವಾದದ ಗೆಲುವು ಅಲ್ವಾ?

ಹೌದು. ಆದರೆ ಗೆದ್ದವರು ಯಾರು, ಸಿಕ್ಕಿದ್ದು ಯಾರಿಗೆ ನೋಡಿ. ಇದರ ಮೂಲದಲ್ಲಿರುವವರು ರಾಜಸ್ಥಾನದ ಭಂವರಿ ದೇವಿ. ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ 'ಸಾಥಿನ್' ಆಗಿ ಪುಡಿಗಾಸಿನ ಗೌರವಧನಕ್ಕೆ ದುಡಿಯುತ್ತಿದ್ದರು. 1992ರಲ್ಲಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ ಮೇಲ್ಜಾತಿಯ ಗಂಡಸರು ಅತ್ಯಾಚಾರ ಮಾಡಿದರು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಅದಕ್ಕೂ ಮೊದಲೇ, 1992ರಲ್ಲೇ, ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. 1997ರ ಆಗಸ್ಟ್ 13ರಂದು, ಕೆಲಸದ ಜಾಗದ ಕಿರುಕುಳ ತಡೆಯಲು ಕೋರ್ಟು ಕೊಟ್ಟ ವಿಶಾಖಾ ಮಾರ್ಗಸೂಚಿ ಬಂತು. 16 ವರ್ಷದ ನಂತರ, 2013ರಲ್ಲಿ ಕಾಯ್ದೆ.

ಇವತ್ತು ಅದರ ತರಬೇತಿ ಕೊಡುವುದೇ ಒಂದು ವ್ಯಾಪಾರ. ಐಟಿ ಕಂಪನಿಗಳಲ್ಲಿ ಕ್ವಿಜ್, ಸರ್ಟಿಫಿಕೇಟು, ಗಾಜಿನ ಗೋಡೆಯ ಮೇಲೆ ಪೋಸ್ಟರ್. ನಾನು ಹೋಗಿದ್ದ ಒಂದು ಫ್ಯಾಕ್ಟರಿಯಲ್ಲಿ, ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯ ಪಟ್ಟಿ ಮೆಟ್ಟಿಲ ಪಕ್ಕ ಅಂಟಿಸಿತ್ತು. ಪೂರ್ತಿ ಇಂಗ್ಲಿಷ್. ಅದರ ಮುಂದೆ ಬೆಂಕಿ ಆರಿಸುವ ಸಿಲಿಂಡರ್ ನೇತುಹಾಕಿದ್ದರು, ಫೋನ್ ನಂಬರಿನ ಅರ್ಧ ಅದರ ಹಿಂದೆ. ಲೈನಿನಲ್ಲಿದ್ದ ಹುಡುಗಿಯನ್ನು ಕೇಳಿದೆ, 'ಇದೇನು ಗೊತ್ತಾ?' 'ಬೆಂಕಿ ಬಿದ್ದರೆ ಫೋನ್ ಮಾಡೋ ನಂಬರು ಅಕ್ಕ' ಅಂದಳು.

ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆ, ಮನೆಗೆಲಸದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯೇ ಗತಿ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಆ ಸಮಿತಿ ಎಲ್ಲಿ ಕೂರುತ್ತದೆ ಅಂತ ಹುಡುಕುವುದರಲ್ಲೇ ಮೂರು ತಿಂಗಳು ಕಳೆದೀತು.

ಅಂಗನವಾಡಿ, ಆಶಾ ಕಾರ್ಯಕರ್ತೆಯರು ಸರ್ಕಾರಿ ನೌಕರರಾ?

ಕೆಲಸದ ವಿಷಯಕ್ಕೆ ಹೌದು, ಸಂಬಳದ ವಿಷಯಕ್ಕೆ ಅಲ್ಲ. ಸಿಗುವುದು ಗೌರವಧನ. ಈ ಪದವೇ ಒಂದು ಕಾನೂನಿನ ಉಪಾಯ. ಸಂಬಳ ಅಂದರೆ ಕನಿಷ್ಠ ವೇತನ ಕೊಡಬೇಕು. ಗೌರವ ಅಂದರೆ ಎಷ್ಟು ಕೊಟ್ಟರೂ ಆಯಿತು. ಕರ್ನಾಟಕದ್ದೇ ಅಮೀರ್‌ಬಿ ಕೇಸಿನಲ್ಲಿ 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಅಂದಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಕೇಸಿನಲ್ಲಿ, ಅವರಿಗೆ ಗ್ರಾಚ್ಯುಟಿ ಕೊಡಬೇಕು ಅಂದಿತು.

ಇಲ್ಲಿ ಒಂದು ಮಾತು. ಎಲ್ಲ ತಪ್ಪನ್ನೂ 1991ರ ತಲೆಗೆ ಕಟ್ಟುವುದು ಸರಿಯಲ್ಲ. ಅಂಗನವಾಡಿ ಶುರುವಾದದ್ದು 1975ರಲ್ಲಿ. ಆಗಲೇ ಗೌರವಧನ ಇತ್ತು. ಮಕ್ಕಳನ್ನು ನೋಡಿಕೊಳ್ಳುವುದು ಹೆಣ್ಣಿನ ಸಹಜ ಗುಣ, ಅದಕ್ಕೇನು ಸಂಬಳ ಅನ್ನುವುದು ಹಳೇ ಬುದ್ಧಿ. ನವ ಉದಾರವಾದ ಆ ಹಳೇ ಬುದ್ಧಿಯನ್ನು 2005ರ ಹೊತ್ತಿಗೆ ಆಶಾ ಯೋಜನೆಯಲ್ಲಿ ಇನ್ನಷ್ಟು ಚೊಕ್ಕ ಮಾಡಿತು. ಇಷ್ಟು ಹೆರಿಗೆ, ಇಷ್ಟು ಲಸಿಕೆ, ಇಷ್ಟು ಪ್ರೋತ್ಸಾಹಧನ. ಗಾರ್ಮೆಂಟ್ಸ್ ಪೀಸ್ ರೇಟಿನ ಹಾಗೆಯೇ.

ಸ್ತ್ರೀಶಕ್ತಿ ಸಂಘ, ಗ್ರೂಪ್ ಲೋನ್ ಸಬಲೀಕರಣ ಅಲ್ವಾ?

ಶುರುವಿನಲ್ಲಿ ಸಂಘ ಅಂದರೆ ಹೆಂಗಸರು ಕೂತು ಮಾತಾಡುವ ಜಾಗ. 1992ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕ್ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. ಕರ್ನಾಟಕದ ಸ್ತ್ರೀಶಕ್ತಿ ಬಂದದ್ದು 2000ದಲ್ಲಿ. ಆಮೇಲೆ ಸಣ್ಣ ಸಾಲ ಕೊಡುವ ಖಾಸಗಿ ಕಂಪನಿಗಳು, ಅಂದರೆ ಮೈಕ್ರೋಫೈನಾನ್ಸ್, ನುಗ್ಗಿತು. ಮಾತು ಹೋಗಿ ಕಂತು ಉಳಿಯಿತು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ಗೆಳತಿಯರೇ ಗೆಳತಿಯ ಬಾಗಿಲು ಬಡಿಯುತ್ತಾರೆ. ಹೆಣ್ಣುಮಕ್ಕಳ ನಡುವಿನ ನಂಬಿಕೆಯನ್ನೇ ಅಡ ಇಟ್ಟುಕೊಂಡು ಸಾಲ ಕೊಡುವ ಬುದ್ಧಿವಂತಿಕೆ ಇದು.

2025ರ ಫೆಬ್ರುವರಿಯಲ್ಲಿ, ಊರು ಬಿಟ್ಟವರ, ಜೀವ ಬಿಟ್ಟವರ ಸುದ್ದಿ ಸಾಲುಸಾಲಾಗಿ ಬಂದ ಮೇಲೆ, ಕರ್ನಾಟಕ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ವಸೂಲಿಯ ಹುಡುಗನಿಗೆ ಹೆದರಿಕೆ ಹುಟ್ಟಿತು, ಒಳ್ಳೆಯದು. ಆದರೆ ಆಸ್ಪತ್ರೆ ಬಿಲ್ಲಿಗೆ, ಸ್ಕೂಲ್ ಫೀಸಿಗೆ ಯಾಕೆ ಸಾಲ ಮಾಡಬೇಕಾಯಿತು ಅನ್ನುವುದನ್ನು ಕಾಯ್ದೆ ಕೇಳುವುದಿಲ್ಲ.

ಜಾಗತೀಕರಣ ವಿರೋಧಿಸೋರೆಲ್ಲ ಒಂದೇ ಕಡೆಯವರಾ?

ಖಂಡಿತ ಅಲ್ಲ. 1996ರ ನವೆಂಬರ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ರೈತ ಸಂಘ ವಿರೋಧಿಸಿತು, ಎಡಪಂಥದ ಮತ್ತು ಸ್ತ್ರೀವಾದಿ ಸಂಘಟನೆಗಳು ವಿರೋಧಿಸಿದವು, 'ನಮ್ಮ ಸಂಸ್ಕೃತಿ' ಅನ್ನುವವರೂ ವಿರೋಧಿಸಿದರು. ಒಬ್ಬರಿಗೆ ಅದು ಹೆಣ್ಣಿನ ಮೈಯನ್ನು ಕಾಸ್ಮೆಟಿಕ್ ಕಂಪನಿಗಳಿಗೆ ಮಾರುವ ಸಂತೆ. ಇನ್ನೊಬ್ಬರಿಗೆ ಹೆಣ್ಣು ಮೈ ತೋರಿಸಿದ್ದೇ ತಪ್ಪು. ಟಿವಿಯಲ್ಲಿ ಇಬ್ಬರೂ ಒಂದೇ ಥರ ಕಂಡರು. ಆ ಗೊಂದಲ ಇನ್ನೂ ಬಿಟ್ಟಿಲ್ಲ. ಮಾರುಕಟ್ಟೆಯನ್ನು ಟೀಕಿಸಿದರೆ ಮಡಿವಂತರು ಚಪ್ಪಾಳೆ ಹೊಡೆಯುತ್ತಾರೆ, ಮಡಿವಂತರನ್ನು ಟೀಕಿಸಿದರೆ ಮಾರುಕಟ್ಟೆ ಚಪ್ಪಾಳೆ ಹೊಡೆಯುತ್ತದೆ.

ಸ್ತ್ರೀವಾದವೇ ಬಂಡವಾಳಕ್ಕೆ ನೆರವಾಯ್ತು ಅಂತಾರಲ್ಲ?

ಅಮೆರಿಕದ ಚಿಂತಕಿ ನ್ಯಾನ್ಸಿ ಫ್ರೇಸರ್ 2009ರಲ್ಲಿ ಈ ವಾದ ಮುಂದಿಟ್ಟರು. ಗಂಡನೇ ದುಡಿದು ತರುವ ಸಂಸಾರವನ್ನು ಸ್ತ್ರೀವಾದಿಗಳು ಪ್ರಶ್ನಿಸಿದರು, ಬಂಡವಾಳ ಆ ಪ್ರಶ್ನೆಯನ್ನೇ ಎತ್ತಿಕೊಂಡು ಇಬ್ಬರನ್ನೂ ಕಡಿಮೆ ಸಂಬಳಕ್ಕೆ ದುಡಿಸಿತು ಅನ್ನುವುದು ಅದರ ಒಂದು ಎಳೆ. ಅಲ್ಲಿಗೆ ಅದು ಹೊಂದಬಹುದು. ನಮ್ಮಲ್ಲಿ ಗಂಡನ ಒಬ್ಬನ ಸಂಬಳದಲ್ಲಿ ಬದುಕುವ ಭಾಗ್ಯ ಕೂಲಿ ಮನೆಗಳಿಗೆ, ದಲಿತ ಮನೆಗಳಿಗೆ ಯಾವತ್ತು ಇತ್ತು? ಹಾಗಾಗಿ ಈ ವಾದವನ್ನು ಇದ್ದಹಾಗೇ ತಂದು ಇಲ್ಲಿ ನೆಟ್ಟರೆ ಬೇರು ಹಿಡಿಯುವುದಿಲ್ಲ.

ಶಕ್ತಿ, ಗೃಹಲಕ್ಷ್ಮಿ ಬಿಟ್ಟಿ ಭಾಗ್ಯ ಅಂತಾರೆ. ನೀವೇನಂತೀರಿ?

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ ಆಯಿತು. ಬಸ್ ಚಾರ್ಜ್ ಉಳಿದಿದ್ದರಿಂದ ದೂರದ, ಸ್ವಲ್ಪ ಜಾಸ್ತಿ ಸಂಬಳದ ಫ್ಯಾಕ್ಟರಿಗೆ ಬದಲಾಯಿಸಿದೆ ಅಂತ ಒಬ್ಬರು ಹೇಳಿದರು. ಬಿಟ್ಟಿ ಅನ್ನುವವರು ಆ ಲೆಕ್ಕ ಹಾಕುವುದಿಲ್ಲ.

ಹಾಗಾದ್ರೆ ಕೋರ್ಟು, ಕಾನೂನು ನಂಬಿ ಪ್ರಯೋಜನ ಇಲ್ವಾ?

ಬೆಂಗಳೂರಿನ ಪೌರಕಾರ್ಮಿಕರನ್ನು ಕೇಳಿ. ಬಹುಪಾಲು ದಲಿತ ಹೆಣ್ಣುಮಕ್ಕಳು. ವರ್ಷಗಟ್ಟಲೆ ಗುತ್ತಿಗೆದಾರನ ಕೈಯಲ್ಲಿ. ಸಂಬಳ ಯಾವಾಗ ಬರುತ್ತೆ, ಎಷ್ಟು ಬರುತ್ತೆ ಗೊತ್ತಿಲ್ಲ. ಯೂನಿಯನ್ ಕಟ್ಟಿದರು, ಕೇಸು ಹಾಕಿದರು, ಪೊರಕೆ ಕೆಳಗಿಟ್ಟು ಮುಷ್ಕರ ಮಾಡಿದರು. ಮೊದಲು ಗುತ್ತಿಗೆದಾರ ಹೋಗಿ ಪಾಲಿಕೆಯಿಂದ ನೇರ ಸಂಬಳ ಬಂತು. 2025ರ ಮೇ ದಿನದಂದು 12 ಸಾವಿರಕ್ಕೂ ಜಾಸ್ತಿ ಜನರಿಗೆ ಕಾಯಂ ನೇಮಕದ ಪತ್ರ ಕೊಟ್ಟರು. ಉಮಾದೇವಿ ಕೇಸು ಹುಟ್ಟಿದ ರಾಜ್ಯದಲ್ಲೇ. ಬರೀ ಕೇಸಿನಿಂದ ಆಗುತ್ತಿರಲಿಲ್ಲ, ಬರೀ ಮುಷ್ಕರದಿಂದಲೂ ಆಗುತ್ತಿರಲಿಲ್ಲ.

ಹೊಸ ಕಾರ್ಮಿಕ ಸಂಹಿತೆಗಳಿಂದ ಏನು ಬದಲಾಗುತ್ತೆ?

2025ರ ನವೆಂಬರ್ 21ರಿಂದ 29 ಕಾಯ್ದೆಗಳ ಜಾಗದಲ್ಲಿ 4 ಸಂಹಿತೆಗಳು ಬಂದಿವೆ. ಮುಖ್ಯವಾದ ಎರಡು ಬದಲಾವಣೆ ನೋಡಿ. 300ಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅನುಮತಿ ಬೇಡ. ಮೊದಲು ಈ ಗೆರೆ 100ಕ್ಕೆ ಇತ್ತು. ಎರಡನೆಯದು, ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. 2016ರ ಏಪ್ರಿಲ್ 18ಕ್ಕೆ ಯಾರು ಯಾರಿಗೆ ನೋಟಿಸ್ ಕೊಟ್ಟಿದ್ದರು?

ಇದೆಲ್ಲ ಸರಿ ಮೇಡಂ. ನನ್ನ ಸ್ಯಾಲರಿ ಸ್ಲಿಪ್‌ನಲ್ಲಿ ಏನು ನೋಡ್ಬೇಕು?

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ಕನಿಷ್ಠ ವೇತನ ಮುಟ್ಟುತ್ತಾ ನೋಡಿ. ಏಪ್ರಿಲ್ ಸ್ಲಿಪ್‌ನಲ್ಲಿ ತುಟ್ಟಿಭತ್ಯೆ ಬದಲಾಗಿದೆಯಾ ನೋಡಿ. ಪಿಎಫ್ 12%, ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) 0.75%, ಅದಕ್ಕಿಂತ ಜಾಸ್ತಿ ಹಿಡಿದಿದ್ದರೆ ಕೇಳಿ. ಓಟಿಗೆ ಎರಡರಷ್ಟು ಕೊಡಬೇಕು. 'ಕಾಂಪ್ ಆಫ್ (ಬದಲಿ ರಜೆ) ಕೊಡ್ತೀವಿ, ಭಾನುವಾರ ಬನ್ನಿ' ಅಂದರೆ, ಬಂದ ದಿನ, ಹೋದ ಹೊತ್ತು ಒಂದು ಚೀಟಿಯಲ್ಲಿ ಬರೆದಿಡಿ. ಸ್ಲಿಪ್ ಬಿಸಾಡಬೇಡಿ. ಫೋನಿನಲ್ಲಿ ಫೋಟೋ ತೆಗೆದು, ಪಕ್ಕದ ಮಷೀನಿನ ಇಬ್ಬರ ಸ್ಲಿಪ್ ಜೊತೆ ಹೋಲಿಸಿ ನೋಡಿ. ಒಬ್ಬರ ಸ್ಲಿಪ್‌ನಲ್ಲಿ ತಪ್ಪಿದ್ದರೆ ಕಣ್ತಪ್ಪು ಅಂತಾರೆ. ಮೂವರದ್ದರಲ್ಲೂ ಅದೇ ತಪ್ಪಿದ್ದರೆ ಭಾನುವಾರ ಮೂರೂ ತಗೊಂಡು ಬನ್ನಿ.